ನೇರಳೆ ಮುಚ್ಚಳದ ಎರಡು ಟ್ಯೂಬು ಹಿಡಿದು ಬ್ಯಾಡಗಿಗೆ

ರಾಣೇಬೆನ್ನೂರಿನಿಂದ ಬೆಳಿಗ್ಗೆ ಏಳೂ ಕಾಲಿಗೆ ಹಾವೇರಿ ಬಸ್ಸು ಹತ್ತಿದೆವು. ನಾನು, ಸೊಸೆ ಸವಿತಾ, ಆರು ವರ್ಷದ ಮೊಮ್ಮಗಳು ಅನು. ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೀಟು ಹರಿದು ಕೊಟ್ಟ. ಮೂರು ವಾರಕ್ಕೊಮ್ಮೆ ಇದೇ ಹಾದಿ, ಇದೇ ಬಸ್ಸು. ಅನುವಿಗೆ ಹಾವೇರಿಯ ಆಸ್ಪತ್ರೆಯಲ್ಲಿ ರಕ್ತ ಏರಿಸಬೇಕು.

ಈ ಸಲ ನನ್ನ ಚೀಲದಲ್ಲಿ ಐಸ್ ತುಂಬಿದ ಡಬ್ಬಿಯಿತ್ತು. ಅದರೊಳಗೆ ನೇರಳೆ ಮುಚ್ಚಳದ ಎರಡು ಖಾಲಿ ಟ್ಯೂಬು. ಮೂವತ್ತೆರಡು ವರ್ಷ ಲ್ಯಾಬಿನಲ್ಲಿ ಮಂದಿಯ ರಕ್ತ ತೆಗೆದವಳು ನಾನು. ಒಬ್ಬರ ಟ್ಯೂಬಿನ ಮೇಲೆ ಇನ್ನೊಬ್ಬರ ಹೆಸರು ಒಂದು ದಿನವೂ ಬರೆದವಳಲ್ಲ. ಆ ಜಂಬವೊಂದು ನನಗಿತ್ತು.

ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಅನುವಿನ ಬಿಳಿಚಿದ ಮುಖ ನೋಡಿ ಸವಿತಾಳಿಗೆ ಬುದ್ಧಿ ಹೇಳಿದಳು. "ಕೂಸಿಗೆ ರಕ್ತ ಕಡಿಮಿ ಐತೇನವಾ? ಬೆಲ್ಲಾ-ಶೇಂಗಾ ತಿನಸು. ಖಜೂರಿ ತಿನಸು. ತಾಯಿ ಆದಾಕಿ ಸ್ವಲ್ಪ ಕಾಳಜಿ ತಗೋಬೇಕ."

ಸವಿತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅನುವಿಗೆ ಕಬ್ಬಿಣ ಕಡಿಮೆಯಿಲ್ಲ, ಹೆಚ್ಚಾಗಿದೆ. ಏರಿಸಿದ ರಕ್ತದ ಕಬ್ಬಿಣವೆಲ್ಲ ಮೈಯಲ್ಲೇ ಉಳಿದು ಎಳೆಯ ಲಿವರು ಕೆಡಿಸುತ್ತದೆಂದು ಅದನ್ನು ಇಳಿಸುವ ಗುಳಿಗೆ ನುಂಗಿಸುತ್ತಿದ್ದೇವೆ. ಆದರೆ ಆ ಹೆಂಗಸನ್ನು ಬೈಯಲು ನನಗೆ ಯಾವ ಬಾಯಿ? ಸವಿತಾ ಕನ್ಯೆಯಾಗಿದ್ದಾಗ ಅವಳಿಗೆ ಹಿಮೋಗ್ಲೋಬಿನ್ ಒಂಬತ್ತೂವರೆ ದಾಟುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳು ಸಣ್ಣಗೆ, ಬಿಳಿಚಿಕೊಂಡು ಕಾಣುತ್ತಿದ್ದವು. ಕಬ್ಬಿಣದ ಕೊರತೆಯೆಂದು ನಾನೇ ವರ್ಷಗಟ್ಟಲೆ ಗುಳಿಗೆ ಕೊಡಿಸಿದೆ. ಸವಿತಾ ನನ್ನ ಅಣ್ಣನ ಮಗಳು. ಸೋದರಮಾವನ ಮಗಳೆಂದು ನನ್ನ ಮಗನಿಗೆ ತಂದುಕೊಂಡೆ. ಲಗ್ನಕ್ಕೆ ಮೊದಲು ಇಬ್ಬರ ರಕ್ತದ ಗುಂಪೂ ನೋಡಿದ್ದೆ. ಗುಂಪು ಕೂಡಿತು, ಇನ್ನೇನು ಬೇಕು ಎಂದು ಎಲ್ಲರ ಮುಂದೆ ಡೌಲು ಹೊಡೆದೆ. ನೋಡಬೇಕಾದದ್ದನ್ನು ನೋಡಲಿಲ್ಲ.

ಹಾವೇರಿ ಮುಟ್ಟಿದಾಗ ಎಂಟೂ ಕಾಲು. ನಿಲ್ದಾಣದ ಹತ್ತಿರ ಇಡ್ಲಿ ತಿಂದು ಚಾ ಕುಡಿದೆವು. ಹತ್ತರ ಹೊತ್ತಿಗೆ ಅನುವಿನ ಕೈಗೆ ಸೂಜಿ ಹಾಕಿದರು. ಅವಳು ಅಳುವುದನ್ನು ಎಂದೋ ಬಿಟ್ಟಿದ್ದಾಳೆ. ಚೀಲದಿಂದ ಇಳಿಯುವ ಹನಿ ನೋಡುತ್ತ, "ಅಜ್ಜಿ, ನನ್ನ ರಕ್ತ ಯಾಕ ತಾನ ಆಗಂಗಿಲ್ಲ?" ಎಂದಳು.

"ಹಿಮೋಗ್ಲೋಬಿನ್ ಅಂದ್ರ ನಾಕ ಸೀಟಿನ ಟಂಟಂ ಆಟೋ ಇದ್ದಂಗವಾ," ಎಂದೆ. "ಪ್ರತಿ ಸೀಟಿನ್ಯಾಗ ಒಂದ ಚೂರು ಕಬ್ಬಿಣ. ಎದಿಯೊಳಗ ಉಸಿರು ಹತ್ತಿಸ್ಕೊಂಡು ಮೈತುಂಬ ಇಳಿಸಿ ಬರ್ತೈತಿ. ಒಬ್ರು ಹತ್ತಿದ್ರ ಉಳದವ್ರು ಲಗೂನ ಹತ್ತತಾರ."

"ನಂದು?"

"ನಿಂದ್ರಾಗ ಎರಡ ಸೀಟು ತಯಾರ ಆಗಂಗಿಲ್ಲ. ಗಾಡಿ ಹಾದ್ಯಾಗ ಮುರೀತೈತಿ."

ಲ್ಯಾಬಿನ ಮಾತಿನಲ್ಲಿ ಅವು ಎರಡು ಆಲ್ಫಾ, ಎರಡು ಬೀಟಾ ಸರಪಳಿ. ಅನುವಿನಲ್ಲಿ ಬೀಟಾ ಹುಟ್ಟುವುದೇ ಇಲ್ಲ. ಗರ್ಭದಲ್ಲಿ ಬೀಟಾದ ಜಾಗಕ್ಕೆ ಗಾಮಾ ಎಂಬ ಬೇರೊಂದು ಸರಪಳಿ ಇರುತ್ತದೆ. ಅದರ ಪುಣ್ಯದಿಂದ ಹುಟ್ಟಿದಾಗ ಕೂಸು ಕೆಂಪಗೆ, ದುಂಡಗೆ ಇತ್ತು. ತೊಟ್ಟಿಲ ಕಾರ್ಯದ ಫೋಟೋ ಈಗಲೂ ಗೋಡೆಯ ಮೇಲಿದೆ. ಗಾಮಾ ಹಿಂದೆ ಸರಿದ ಮೇಲೆ ಬಣ್ಣ ಬಯಲಾಯಿತು. ಇದಕ್ಕೆ ಥಲಸ್ಸೀಮಿಯಾ ಎನ್ನುತ್ತಾರೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪಾಲು ಕೂಡಿದರೆ ಮಾತ್ರ ಈ ರೋಗ. ಒಂದೇ ಪಾಲು ಇದ್ದವರು ತಿಂದುಂಡು ಚೆನ್ನಾಗಿಯೇ ಇರುತ್ತಾರೆ, ಗೊತ್ತೂ ಆಗುವುದಿಲ್ಲ.

ನನ್ನ ಮಗನಲ್ಲೂ ಸವಿತಾಳಲ್ಲೂ ಆ ಪಾಲು ಇದೆಯೆಂದು ವರದಿ ಬಂದಾಗ, ಮಗನದು ತೀರಿಹೋದ ನನ್ನ ಗಂಡನ ಕಡೆಯಿಂದ ಬಂದದ್ದೆಂದು ಎಲ್ಲರಿಗೂ ಹೇಳಿದೆ. ಸತ್ತವರು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ನನ್ನ ರಕ್ತವನ್ನು ಮಾತ್ರ ನಾನು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ.

ರಕ್ತ ಇಳಿಯಲು ನಾಲ್ಕು ತಾಸು ಬೇಕು. ಸವಿತಾಳನ್ನು ಅಲ್ಲೇ ಬಿಟ್ಟು ಹನ್ನೊಂದರ ಬಸ್ಸಿಗೆ ಅಣ್ಣನ ಊರಾದ ಬ್ಯಾಡಗಿಗೆ ಹೊರಟೆ. ಸವಿತಾಳ ತಂಗಿ ಕಾವ್ಯಾಳ ನಿಶ್ಚಿತಾರ್ಥ ಬರುವ ಗುರುವಾರ. ಹುಡುಗ ಬೇರೆ ಯಾರೂ ಅಲ್ಲ, ಮೋಟೆಬೆನ್ನೂರಿನ ನನ್ನ ತಂಗಿಯ ಮಗ. ಮತ್ತೆ ಅದೇ ಮನೆ, ಅದೇ ರಕ್ತ. ಇಬ್ಬರನ್ನೂ ಪರೀಕ್ಷಿಸದೆ ನೆಂಟಸ್ತಿಕೆ ಬೇಡವೆಂದು ಹೇಳುವುದೇ ನನ್ನ ಪ್ರಯಾಣದ ಉದ್ದೇಶ.

ಮೋಟೆಬೆನ್ನೂರು ಹತ್ತಿರವಾದಾಗ ತಂಗಿಗೆ ಫೋನು ಮಾಡಿದೆ. "ಇಳೀತೇನಿ, ಹುಡುಗಗ ಮನ್ಯಾಗ ಇರು ಅನ್ನು. ರಕ್ತ ತಗೊಳ್ಳೂದು ಐದು ನಿಮಿಷದ ಕೆಲಸ."

"ಇಳಿಬ್ಯಾಡಕ್ಕ," ಎಂದಳು ತಂಗಿ. "ಗಂಡ ಹುಡುಗಗ್ಯಾಕ ಪರೀಕ್ಷಾ? ನಿನ್ನ ಮನಿ ಗೋಳು ನಮ್ಮ ಮನೀಗಿ ಹಚ್ಚಬ್ಯಾಡ." ಫೋನು ಇಟ್ಟೇಬಿಟ್ಟಳು. ಬಸ್ಸು ಊರು ದಾಟಿ ಬ್ಯಾಡಗಿಯ ಹಾದಿಗೆ ಹೊರಳಿತು. ನಾನು ಇಳಿಯಲಿಲ್ಲ.

ಅಂದು ಸೋಮವಾರ, ಮೆಣಸಿನಕಾಯಿ ಮಾರುಕಟ್ಟೆಯ ದಿನ. ಬಸ್ಸಿನಿಂದ ಕೆಳಗೆ ಕಾಲಿಡುವಷ್ಟರಲ್ಲಿ ಸೀನು ಶುರುವಾಯಿತು. ಬಿಸಿಲು ಚುರುಗುಟ್ಟುತ್ತಿತ್ತು. ಅಣ್ಣ ತನ್ನ ದಲಾಲಿ ಅಂಗಡಿಯಲ್ಲಿ ಚೀಲಗಳ ನಡುವೆ ಕೂತಿದ್ದ. ನನ್ನ ಮಾತು ಕೇಳುತ್ತ ಒಂದು ಹಿಡಿ ಕಾಯಿ ಎತ್ತಿ ಹಿಚುಕಿ ನೋಡಿದ.

"ನಲವತ್ತು ವರ್ಷ ಆತು, ಕೈಯಾಗ ಹಿಡದ್ರ ಮಾಲು ಹೇಳ್ತೇನಿ. ನನ್ನ ಮಗಳು ಹೆಂಗದಾಳ ನಂಗ ಗೊತ್ತಿಲ್ಲೇನು?"

"ಕಣ್ಣಿಗೆ ಕಾಣಂಗಿಲ್ಲೋ ಅಣ್ಣ. ಸವಿತಾನೂ ಚಂದನ ಇದ್ಲು."

"ಸವಿತಾಗ ನೀನ ಗುಳಿಗಿ ಕೊಟ್ಟಿ. ಗುಂಪು ಕೂಡೇತಿ ಅಂತ ನೀನ ಅಂದಿ. ಈಗ ಇನ್ನೊಂದು ಹೇಳಾಕತ್ತಿ. ಯಾವುದು ಖರೇ?" ಧ್ವನಿ ಏರಿತು. "ಕೆಟ್ಟಿದ್ದು ನಿನ್ನ ಗಂಡನ ರಕ್ತ ಅಂತ ನೀನ ಹೇಳಿದ್ದಿ. ನಮ್ಮ ರಕ್ತಕ್ಕ ಏನಾಗೇತಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಸ್ಥಿತಿ ನನ್ನದು. ಸವಿತಾಳಿಗೆ ಎಲ್ಲಿಂದ ಬಂತು ಎಂದು ಅವನು ಕೇಳಿಕೊಳ್ಳುವುದಿಲ್ಲ, ನನ್ನ ಮಗನಿಗೆ ಎಲ್ಲಿಂದ ಬಂತು ಎಂದು ನಾನು ಹೇಳುವುದಿಲ್ಲ. ಎರಡೂ ಪಾಲು ನಮ್ಮಿಬ್ಬರನ್ನೂ ಹೆತ್ತವರಿಂದಲೇ ಬಂದಿರಬೇಕು. ಅಣ್ಣ ಲೆಕ್ಕ ಮಾಡಿ ಮಾತಾಡಿದಂತೆ, "ನಿಶ್ಚಿತಾರ್ಥಕ್ಕ ಬಾ, ಸೂಜಿ ತರಬ್ಯಾಡ," ಎಂದ. ಊಟಕ್ಕೂ ಏಳು ಎನ್ನಲಿಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಕಾವ್ಯಾ ಸ್ಕೂಟಿಯಲ್ಲಿ ಬಂದಳು. ಇಪ್ಪತ್ತೆರಡರ ಹುಡುಗಿ, ಅಂಗಡಿಯ ಕಂಪ್ಯೂಟರು ನೋಡಿಕೊಳ್ಳುವವಳು. ಅಂಗಡಿಯ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ರೊಟ್ಟಿಯ ಬುತ್ತಿ.

"ಅವ್ವ ಬುತ್ತಿ ಕೊಟ್ಲು ಅಂತ ಅಪ್ಪಗ ಹೇಳಿ ಬಂದೇನಿ. ಲಗೂ ರಕ್ತ ತಗೋ ಅತ್ತಿ," ಎಂದು ತೋಳು ಮೇಲೇರಿಸಿದಳು.

ಚೀಲದಿಂದ ಸೂಜಿ ತೆಗೆದೆ. ಒಂದೇ ಚುಚ್ಚಿಗೆ ನರ ಸಿಕ್ಕಿತು. ಟ್ಯೂಬು ಮೇಲೆ ಕೆಳಗೆ ಎಂಟು ಸಲ ಮೆಲ್ಲಗೆ ಹೊರಳಿಸಿ, ಹೆಸರು ಬರೆಯಲು ಪೆನ್ನು ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ನನ್ನ ಹೆಸರು ಬ್ಯಾಡ. ಹಾವೇರಿ ಲ್ಯಾಬಿನ್ಯಾಗ ಪರಿಚಯದವ್ರು ಇರ್ತಾರ. ಹೊತ್ತು ಮುಳಗೂದ್ರಾಗ ಎಲ್ಲಾರಿಗೂ ಗೊತ್ತಾಗ್ತೈತಿ. ಅಂವಂದು ಪರೀಕ್ಷಾನ ಇಲ್ಲ. ಕೆಟ್ಟ ಹೆಸರು ನನಗೊಬ್ಬಾಕಿಗೇ."

"ಮತ್ತ ಯಾರ ಹೆಸರು ಬರೀಲಿ?"

"ನಿಂದ ಬರಿ."

"ಇತ್ತು ಅಂತ ಬಂದ್ರ ಏನ್ ಮಾಡ್ತಿ?"

"ಅವನೂ ಪರೀಕ್ಷಾ ಮಾಡಿಸ್ಕೊಳ್ಳೋತನಾ ಉಂಗುರ ಹಾಕಸ್ಕೊಳ್ಳಂಗಿಲ್ಲ," ಎಂದಳು. ಚುಚ್ಚಿದಲ್ಲಿ ಹತ್ತಿ ಒತ್ತಿಕೊಂಡು, "ನನ್ನ ಕೈಲೆ ಆಕ್ಕೈತೋ ಇಲ್ಲೋ ಗೊತ್ತಿಲ್ಲತ್ತಿ," ಎಂದಳು.

ಮೂವತ್ತೆರಡು ವರ್ಷದ ಜಂಬವನ್ನು ಅಲ್ಲೇ ಬಿಟ್ಟೆ. 'ಶಾಂತಾ, 61' ಎಂದು ಬರೆದೆ. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಕಾವ್ಯಾ ಮೊಣಕೈಯ ಹತ್ತಿಯ ಮೇಲೆ ವೇಲು ಎಳೆದುಕೊಂಡು ಸ್ಕೂಟಿ ತಿರುಗಿಸುತ್ತಿದ್ದಳು.

ಹಾವೇರಿಯ ಲ್ಯಾಬು ಮುಟ್ಟಿದಾಗ ಮೂರು ಗಂಟೆ. ಇನ್ನೊಂದು ಟ್ಯೂಬು ಖಾಲಿಯಾಗಿಯೇ ಡಬ್ಬಿಯಲ್ಲಿ ಉರುಳಾಡುತ್ತಿತ್ತು. ಮೊದಲು ತುಂಬಿದ ಟ್ಯೂಬು ಕೊಟ್ಟೆ. ಕೌಂಟರಿನವನು ಚೀಟಿ ಓದಿ ನನ್ನ ಮುಖ ನೋಡಿದ.

"ಥಲಸ್ಸೀಮಿಯಾ ಪರೀಕ್ಷಾ, ಈ ವಯಸ್ಸಿನ್ಯಾಗ? ಇದು ನಿಮ್ದ ರಕ್ತ ಏನ್ರೀ?"

"ಹೌದ್ರಿ, ನಂದ," ಎಂದೆ. "ಮೊದಲಿಂದ ನಂದ." ಖಾಲಿ ಟ್ಯೂಬನ್ನೂ ಅವನ ಮುಂದಿಟ್ಟು ಸೆರಗು ಸರಿಸಿ ತೋಳು ಚಾಚಿದೆ. "ಇದನ್ನೂ ತುಂಬ್ರಿ. ಎರಡನೇದು ಅಂತ ಹಾಕಿ, ಹೆಸರು ಅದನ್ನೇ ಬರ್ಕೊಳ್ರಿ."