ಚೋಮಿಗೆ ಸಿಕ್ಕ ಶಿಫಾರಸು

ಪಾಲಿಬೆಟ್ಟದ ಹತ್ತಿರದ ಒಂದು ರೆಸಾರ್ಟಿನಲ್ಲಿ ರಿಸೆಪ್ಶನ್ ಮೇಜಿನ ಹಿಂದೆ ಕೂರುವ ಚೋಮಿಯನ್ನು ಹೊರಗಿನ ಅತಿಥಿಗಳು ಆಗಾಗ ಯಾವ ದೇಶದವಳೆಂದು ಕೇಳುತ್ತಾರೆ. ಅಚ್ಚ ಕಪ್ಪು ಬಣ್ಣ, ಎಣ್ಣೆ ಹಚ್ಚಿ ಎಳೆದು ಕಟ್ಟಿದರೂ ಸುರುಳಿ ಬಿಡದ ಕೂದಲು. ಅವರು ಆಫ್ರಿಕದ ಯಾವುದಾದರೂ ಹೆಸರನ್ನು ನಿರೀಕ್ಷಿಸಿರುತ್ತಾರೆ. ಅಮ್ಮತ್ತಿ, ಬಸ್ಸಿನಲ್ಲಿ ಕಾಲು ಗಂಟೆ ಎಂದು ಹೇಳಿ, ರೂಮಿನ ಕೀ ಕೊಟ್ಟು, ತಿಂಡಿಯ ಹೊತ್ತು ತಿಳಿಸಿ ಅವಳು ಮುಂದಿನವರನ್ನು ಕರೆಯುತ್ತಾಳೆ. ಅಪರಿಚಿತರ ಅಜ್ಞಾನದಿಂದ ಅವಳಿಗೆ ನಷ್ಟವೇನೂ ಆಗಿಲ್ಲ. ಆ ಮೇಜು ಮೊದಲು ಅವಳ ಕೈ ತಪ್ಪುವಂತೆ ಮಾಡಿದ್ದು ಅವಳನ್ನು ಚೆನ್ನಾಗಿ ಬಲ್ಲವರು.

ಚೋಮಿ ಕೊಡಗಿನ ಬುಡಕಟ್ಟಿನವರಾದ ಎರವರ ಹುಡುಗಿ. ಅಮ್ಮತ್ತಿಯ ಬೋಜಮ್ಮನವರ ಕಾಫಿ ತೋಟದ ಲೈನಿನಲ್ಲಿ, ಎಂದರೆ ಕೆಲಸಗಾರರ ಸಾಲುಮನೆಯಲ್ಲಿ, ಹುಟ್ಟಿದವಳು. ತಾಯಿ ಅದೇ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನಡೆಸುತ್ತಿರುವ ಬೋಜಮ್ಮ ಒಳ್ಳೆಯ ಹೆಂಗಸು. ಹಾಗೆಂದು ಅವರಿಗೂ ಗೊತ್ತು. ಚೋಮಿಯ ಕಾಲೇಜಿನ ಪುಸ್ತಕಗಳನ್ನೆಲ್ಲ ಅವರೇ ಕೊಡಿಸಿದರು. ಆ ವಿಷಯ ತಿಳಿಯದವರು ಅಮ್ಮತ್ತಿ ಸಂತೆಯಲ್ಲಿ ಯಾರೂ ಉಳಿದಿರಲಿಲ್ಲ.

ವಿರಾಜಪೇಟೆಯ ಕಾಲೇಜಿನಲ್ಲಿ ಚೋಮಿ ಓದಿದ್ದು ಪ್ರವಾಸೋದ್ಯಮ. ಜೊತೆಗೆ ಓದಿದವಳು ಕುಸುಮಾ, ಶನಿವಾರಸಂತೆ ಕಡೆಯ ಅಂಗಡಿಯವರ ಮಗಳು. ಬೋಜಮ್ಮನವರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದಳು. ಇಂಗ್ಲಿಷಿನಲ್ಲಿ ಚೋಮಿಯ ದೋಷವೆಂದರೆ ಅತಿ ವೇಗ. ಕುಸುಮಾ ಬಾಯಿ ತೆರೆಯುವುದೇ ಅಪರೂಪವಾದ್ದರಿಂದ ಅವಳ ದೋಷ ಯಾರಿಗೂ ತಿಳಿದಿರಲಿಲ್ಲ. ರೆಸಾರ್ಟಿನಲ್ಲಿ ರಿಸೆಪ್ಶನ್ನಿಗೆ ಒಬ್ಬರು ಬೇಕೆಂದು ಗೊತ್ತಾದಾಗ ಗೆಳತಿಯರು ಒಂದೇ ಬಸ್ಸಿನಲ್ಲಿ ಹೋದರು.

ಮ್ಯಾನೇಜರ್ ಪ್ರಜ್ಞೇಶ್ ಪುತ್ತೂರಿನವನು. ಕೊಡಗಿಗೆ ಬಂದ ಮೇಲೆ ಅವನು ಇಲ್ಲಿಯ ಒಂದು ಪದ್ಧತಿಯನ್ನು ಕಲಿತಿದ್ದ: ಯಾರೇ ಬಂದರೂ ಮೊದಲು ಯಾವ ಮನೆಯವರೆಂದು ಕೇಳುವುದು, ಆಮೇಲೆ ಆ ಮನೆಗೆ ಫೋನು ಮಾಡುವುದು. ಇಲ್ಲಿ ಮನೆಯ ಹೆಸರು ಹೇಳಿದರೆ ಉಳಿದದ್ದೆಲ್ಲ ಹೇಳಿದಂತೆ. ಚೋಮಿಗೆ ಹೇಳಲು ಅಂಥ ಮನೆಯ ಹೆಸರಿಲ್ಲ. ಬೋಜಮ್ಮನವರ ಲೈನು ಎಂದಳು. ಆ ಮಾತಿಗೆ ಪ್ರಜ್ಞೇಶನ ಪೆನ್ನು ನಿಂತಿತು ಎಂದು ಅವಳು ಇಂದಿಗೂ ಹೇಳುತ್ತಾಳೆ. ತನ್ನ ಕೈಯಲ್ಲಿ ಪೆನ್ನೇ ಇರಲಿಲ್ಲ ಎಂದು ಅವನು ಹೇಳುತ್ತಾನೆ.

ಇಬ್ಬರ ಬಗ್ಗೆಯೂ ಬೋಜಮ್ಮನವರನ್ನೇ ವಿಚಾರಿಸಿದ್ದಾಯಿತು. ಮರುದಿನ ಕುಸುಮಾಗೆ ರಿಸೆಪ್ಶನ್ ಸಿಕ್ಕಿತು. ಚೋಮಿಗೆ ರೂಮುಗಳ ಕೆಲಸ: ಹಾಸಿಗೆ ಹಾಸುವುದು, ಬಚ್ಚಲು ಉಜ್ಜುವುದು.

ಮುಖದ ಬಣ್ಣ ನೋಡಿಯೇ ಹೀಗೆ ಮಾಡಿದರು ಎಂದು ಚೋಮಿ ಗೆಳತಿಯೊಡನೆ ಹೇಳಿದಳು. ಹಾಗೆಲ್ಲ ಅಂದುಕೊಳ್ಳಬಾರದು, ಏನೋ ಕಾರಣ ಇರುತ್ತದೆ ಎಂದು ಕುಸುಮಾ ಸಮಾಧಾನ ಮಾಡಿದಳು.

"ನಿಂಗೇ ಬೆಡ್‌ಶೀಟ್ ಕೆಲಸ ಕೊಟ್ಟಿದ್ರೆ?"

"ನಂಗ್ಯಾಕ್ ಕೊಡ್ತಾರೆ?" ಎಂದ ಕುಸುಮಾ, ತಾನಾಡಿದ ಮಾತು ತನ್ನ ಕಿವಿಗೇ ಬಿದ್ದು ಸುಮ್ಮನಾದಳು.

ಚೋಮಿ ಸುಮ್ಮನಾಗುವ ಜಾತಿಯಲ್ಲ. ನೇರವಾಗಿ ಮ್ಯಾನೇಜರನ ಕೋಣೆಗೆ ಹೋಗಿ ಕಾರಣ ಕೇಳಿದಳು. ಪ್ರಜ್ಞೇಶ್ ನೊಂದುಕೊಂಡ. ತಾನೂ ಕಪ್ಪೇ ಅಲ್ಲವೇ ಎಂದು ಅಂಗಿಯ ತೋಳು ಮಡಚಿ ತೋರಿಸಿದ. ಅದು ಸಾಲದೆಂದು ತೋರಿದಾಗ ಅವಳನ್ನು ಖುಷಿಪಡಿಸಲೆಂದೇ ಇದ್ದದ್ದನ್ನು ಹೇಳಿಬಿಟ್ಟ.

"ಬೋಜಮ್ಮ ಆಂಟಿ ನಿನ್ನ ಬಗ್ಗೆ ಎಷ್ಟು ಒಳ್ಳೇದು ಹೇಳಿದ್ದಾರೆ ಗೊತ್ತುಂಟಾ? ಇಡೀ ಮನೆ ಬಿಟ್ಟುಹೋದ್ರೂ ಒಂದು ಪಿನ್ನು ಮುಟ್ಟುವವಳಲ್ಲ ಅಂತ. ರೂಮಿಗೆ ಅಂಥವರೇ ಬೇಕಲ್ವಾ ಮಾರಾಯ್ತಿ."

ಕುಸುಮಾಳ ಬಗ್ಗೆ ಏನೆಂದರು ಎಂದು ಚೋಮಿ ಕೇಳಿದಳು. ಒಳ್ಳೆಯ ಮನೆತನ, ನಯವಾದ ಮಾತು ಎಂದರಂತೆ.

ಕೊಡಗಿನಲ್ಲಿ ಬಣ್ಣ ನೋಡಿ ಕೆಲಸ ಕೊಡುವ ರೂಢಿ ಇಲ್ಲವೆನ್ನುವವರ ಮಾತನ್ನು ನಾನು ಬಹಳ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬಳನ್ನು ಕಂಡಾಗ ನಯವಾದ ಮಾತು ನೆನಪಾಗುತ್ತದೆ, ಇನ್ನೊಬ್ಬಳನ್ನು ಕಂಡಾಗ ಕಳ್ಳತನ ನೆನಪಾಗುತ್ತದೆ. ಅದನ್ನು ಅವರು ಮೆಚ್ಚುಗೆಯೆಂದೇ ತಿಳಿದು ಹೇಳುತ್ತಾರೆ. ಹಾಸಿಗೆ ಹಾಸುವುದು ಮಾತ್ರ ಕೊನೆಗೆ ಚೋಮಿಯ ಪಾಲಿಗೆ ಬರುತ್ತದೆ.

ಚೋಮಿ ತೋಟದ ಮನೆಗೆ ಹೋದಾಗ ಬೋಜಮ್ಮ ಅಂಗಳದಲ್ಲಿ ಕರಿಮೆಣಸು ಹರಡಿಸುತ್ತಿದ್ದರು. ಅವಳನ್ನು ಕಂಡು, ಕೆಲಸ ಸಿಕ್ಕಿತಲ್ಲ, ಸಂತೋಷವೇ ಎಂದು ಕೇಳಿದರು.

"ಅಮ್ಮ, ನಾನು ಕದಿಯಲ್ಲ ಅಂತ ಹೇಳಿದ್ರಂತೆ."

"ಹೌದು. ಇರೋದನ್ನೇ ಹೇಳಿದ್ದು."

"ಕುಸುಮ ಕದಿಯಲ್ಲ ಅಂತ ಹೇಳಿದ್ರಾ?"

"ಅವಳ ವಿಷಯದಲ್ಲಿ ಆ ಮಾತು ಯಾಕೆ ಬರುತ್ತೆ?"

"ನನ್ನ ವಿಷಯದಲ್ಲಿ ಯಾಕೆ ಬಂತು?"

ಬೋಜಮ್ಮನವರಿಗೆ ಸಿಟ್ಟು ಬಂತು. ಪುಸ್ತಕ ಕೊಡಿಸಿದವರು ಯಾರು ಎಂಬಲ್ಲಿಂದ ಶುರುಮಾಡಿ ಚೋಮಿಯ ತಾಯಿಯ ವಿನಯದವರೆಗೆ ಬಂದರು. ಚೋಮಿ ಪೂರ್ತಿ ಕೇಳಿಸಿಕೊಂಡಳು.

"ಬೆಡ್‌ಶೀಟ್ ಮಡಿಸೋಕೆ ಅಷ್ಟು ಪುಸ್ತಕ ಬೇಕಿತ್ತಾ ಅಮ್ಮ?"

ಬೋಜಮ್ಮ ಸ್ವಲ್ಪ ಹೊತ್ತು ಕಾಲಿನಿಂದ ಮೆಣಸು ಕೆದಕಿದರು. ತಪ್ಪಾಯಿತೆಂದು ಹೇಳಿ ಅವರಿಗೆ ಅಭ್ಯಾಸವಿಲ್ಲ. ಸೊಂಟದಿಂದ ಫೋನು ತೆಗೆದು, ಚೋಮಿಯ ಎದುರೇ ರೆಸಾರ್ಟಿಗೆ ಮಾಡಿದರು.

"ಪ್ರಜ್ಞೇಶಾ, ಆ ಚೋಮಿ ವಿಷಯ. ಕದಿತಾಳೋ ಇಲ್ವೋ ನಂಗೊತ್ತಿಲ್ಲ, ಅದನ್ನ ಬಿಡು. ಬಾಯಿ ಮಾತ್ರ ಭಾರಿ ಜೋರು. ಇಂಗ್ಲಿಷಲ್ಲೂ ಅಷ್ಟೇ. ಅಂಥವಳನ್ನ ರೂಮಲ್ಲಿ ಬಚ್ಚಿಟ್ಟು ಏನ್ ಮಾಡ್ತೀಯ? ಮುಂದೆ ಕೂರಿಸು."

ಅತಿಥಿಗಳಿಗೆ ಒಗ್ಗುತ್ತದೆಯೇ ಎಂದು ಅವನೇನೋ ಹೇಳಲು ಹೋದ. ಅಷ್ಟರಲ್ಲಿ ಬೋಜಮ್ಮ ಫೋನು ಇಟ್ಟಿದ್ದರು. ಅವರ ತೋಟದ ಬಂಗಲೆಯನ್ನು ರೆಸಾರ್ಟಿನವರು ಬಾಡಿಗೆಗೆ ಕೇಳುತ್ತಿದ್ದ ಕಾಲ ಅದು; ಹಾಗಾಗಿ ಅತಿಥಿಗಳಿಗೆ ಒಗ್ಗುತ್ತದೆ ಎಂದು ಪ್ರಜ್ಞೇಶನಿಗೂ ಬೇಗ ಅನ್ನಿಸಿತು. ರಿಸೆಪ್ಶನ್ನಿನಲ್ಲಿ ಎರಡನೆಯ ಕುರ್ಚಿ ಹಾಕಿಸಿದ. ಆದರೆ ಒಂದು ತಿಂಗಳು ಪರೀಕ್ಷೆ, ಆಮೇಲೆ ಖಾಯಂ ಎಂದ. ಅದು ಎಲ್ಲರಿಗೂ ಇರುವ ನಿಯಮ ಎಂದೂ ಸೇರಿಸಿದ.

ನಿನಗೂ ಇತ್ತೇ ಎಂದು ಚೋಮಿ ಕುಸುಮಾಳನ್ನು ಕೇಳಿದಳು. ಇರಲಿಲ್ಲ.

ಇಷ್ಟಾದರೂ ಚೋಮಿ ಆ ತಿಂಗಳು ಪ್ರಜ್ಞೇಶನೊಡನೆ ಈ ಮಾತೆತ್ತಲಿಲ್ಲ. ಅವಳು ಅಷ್ಟು ಕಾಲ ಬಾಯಿ ಬಿಗಿಹಿಡಿದದ್ದು ಅದೇ ಮೊದಲು. ಕೆಲಸ ಖಾಯಂ ಆದ ದಿನ ಬೆಳಿಗ್ಗೆ ಅವನ ಬಾಗಿಲಲ್ಲಿ ನಿಂತು, ಕುಸುಮಾಗೆ ಆ ನಿಯಮ ಯಾಕಿರಲಿಲ್ಲ ಸಾರ್ ಎಂದು ಕೇಳಿದಳು. ಪ್ರಜ್ಞೇಶ್ ಫ್ಯಾನಿನ ಕಡೆ ನೋಡಿದ. ಇನ್ನು ಮೇಲೆ ಬರುವವರಿಗೆಲ್ಲ ಖಂಡಿತ ಇರುತ್ತದೆ ಎಂದ.

ಮುಂದೆ ಕೆಲಸಕ್ಕೆ ಬಂದವನು ಅವನ ಸ್ವಂತ ಅಕ್ಕನ ಮಗ. ಎರಡು ವಾರ ಕಳೆಯುವಷ್ಟರಲ್ಲಿ ಇವನು ಸಾಕಷ್ಟು ಕಲಿತಿದ್ದಾನೆ, ಖಾಯಂ ಮಾಡೋಣ ಎಂದು ಪ್ರಜ್ಞೇಶ್ ರಿಸೆಪ್ಶನ್ನಿಗೆ ಬಂದು ಹೇಳಿದ. ಚೋಮಿ ಕುರ್ಚಿಯಿಂದ ಎದ್ದು ನಿಂತಳು. ಈ ಬಾರಿ ಕುಸುಮಾ ಕೂಡ ಎದ್ದಳು. ಆ ಹುಡುಗ ತಿಂಗಳು ಪೂರ್ತಿ ಮುಗಿಸಿದ.