ಎರಡು ನಾಲ್ಕರ ಬಳೆ ಬೇಲೂರಿಗೆ ಹೋದದ್ದು

ಅರಸೀಕೆರೆಯಿಂದ ಬೆಳಗಿನ ಬಸ್ಸಿನಲ್ಲಿ ಹೊರಟಾಗ ನನ್ನ ತೊಡೆಯ ಮೇಲೆ ಹಸಿರು ಗಾಜಿನ ಬಳೆಗಳ ಡಬ್ಬಿ ಇತ್ತು. ಬೇಲೂರಿನಲ್ಲಿ ನನ್ನ ತಂಗಿಯ ಮಗಳು ರೇಖಾಳ ಸೀಮಂತ. ತಂಗಿ ಸುಮಿತ್ರಾ ಈಗಿಲ್ಲ. ತವರಿನ ಬಳೆ ಸೋದರಮಾವನ ಮನೆಯಿಂದಲೇ ಹೋಗಬೇಕು. ಸುಮಿತ್ರಾಳದು ಅಗಲವಾದ ಕೈ. ಬಳೆಗಾರ ಮನೆಗೆ ಬಂದಾಗಲೆಲ್ಲ ತನ್ನ ಅಳತೆಯದು ಸಿಗುವುದಿಲ್ಲವೆಂದು ಮುಖ ಊದಿಸಿಕೊಳ್ಳುತ್ತಿದ್ದಳು. ನನ್ನ ಹೆಂಡತಿಗೆ ಮಂಡಿನೋವು, ಹಾಗಾಗಿ ಬಳೆ ಕೊಳ್ಳುವುದೂ ಒಯ್ಯುವುದೂ ನನ್ನ ಪಾಲಿಗೇ ಬಂತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಇಂಚು, ಮೊಳ ಅಂದರೆ ನನಗೆ ಮೊದಲಿನಿಂದಲೂ ಆಗದು. ರೇಖಾ ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದ ಬಳೆಯನ್ನು ಸ್ಕೇಲಿನಲ್ಲಿ ಅಳೆದಿದ್ದೆ: ಒಳ ಅಗಲ ಆರು ಸೆಂಟಿಮೀಟರು. ಅಂಗಡಿಯವನು "ಎರಡು ನಾಲ್ಕೋ, ಎರಡು ಆರೋ?" ಎಂದ. ಅದು ಇಂಚಿನ ಲೆಕ್ಕ. ಗೊಣಗುತ್ತಲೇ ಸೆಂಟಿಮೀಟರನ್ನು ಇಂಚಿಗೆ ತಿರುಗಿಸಿದೆ. ಎರಡು ಪಾಯಿಂಟ್ ಮೂರು ಆರು ಬಂತು. ಎರಡು ಪಾಯಿಂಟ್ ನಾಲ್ಕಕ್ಕೆ ಹತ್ತಿರವೆಂದು "ಎರಡು ನಾಲ್ಕು ಕೊಡಿ" ಎಂದು ಗತ್ತಿನಿಂದಲೇ ಹೇಳಿದ್ದೆ.

ಬಸ್ಸಿನಲ್ಲಿ ಹೆಂಗಸರಿಗೆಲ್ಲ ಉಚಿತ ಟಿಕೆಟ್, ನನ್ನದಕ್ಕೆ ಮಾತ್ರ ದುಡ್ಡು. ಪಕ್ಕದಲ್ಲಿ ಗಂಡಸಿ ಊರಿನ ಹೆಂಗಸೊಬ್ಬರು ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರು. "ನೆನ್ನೆ ನೂರೊಂದು ಜ್ವರ ಇತ್ತಣ್ಣ. ಈಗ ಅರ್ಧ ಲೀಟ್ರು ಹಾಲು ಕುಡ್ದವ್ನೆ. ಮೂರಡಿ ಇಲ್ಲ, ಹದಿನಾಲ್ಕು ಕೇಜಿ ಅವ್ನೆ!" ಎಂದರು. ಒಂದೇ ಉಸಿರಿನಲ್ಲಿ ಎರಡು ಕಾಲದ ಅಳತೆ. ತಿದ್ದೋಣವೆಂದು ಬಾಯಿ ತೆರೆದೆ. ಮಗು ನನ್ನ ಕನ್ನಡಕ ಕಿತ್ತುಕೊಂಡಿತು.

ಹಳೇಬೀಡಿನಲ್ಲಿ ಇಳಿದು ಇಡ್ಲಿ ತಿಂದೆ. ಬಿಸಿಲು ಹಿತವಾಗಿತ್ತು. ದೇವಸ್ಥಾನದ ಮುಂದೆ ಹೂ ಮಾರುವಾಕೆ ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ಸೇವಂತಿಗೆ ಅಳೆಯುತ್ತಿದ್ದಳು.

"ಯಾರ ಮೊಳಮ್ಮ ಇದು?" ಎಂದೆ.

"ನಂದೇ ಕಣಣ್ಣ. ನಿಮ್ ಮೊಳ ಆದ್ರೆ ರೇಟು ಬ್ಯಾರೆ ಆಯ್ತದೆ."

ನಕ್ಕು ಅವಳದೇ ಮೊಳದಲ್ಲಿ ಕೊಂಡೆ. ಬೇಲೂರು ಹದಿನಾರು ಕಿಲೋಮೀಟರು ಎಂದು ಬೋರ್ಡಿನಲ್ಲಿತ್ತು. ಬಸ್ಸಿನಲ್ಲಿ ಮುದುಕರೊಬ್ಬರು ಹತ್ತು ಮೈಲಿ ಅಂದರು. ರಸ್ತೆ ಇಬ್ಬರಿಗೂ ಒಂದೇ.

ಬೇಲೂರಿನ ಮನೆಯಲ್ಲಿ ಹಸೆಮಣೆ ಹಾಕಿ ಕಾಯುತ್ತಿದ್ದರು. ರಾಹುಕಾಲ ಹತ್ತಿರವಾಗಿತ್ತು. ರೇಖಾಳ ಅತ್ತೆ ಪಾರ್ವತಮ್ಮ ನಾನು ತಂದ ಬಳೆಯೊಂದನ್ನು ತೊಡಿಸಲು ನೋಡಿದರು. ಅದು ಬೆರಳಿನ ಗೆಣ್ಣು ದಾಟಲಿಲ್ಲ. "ಎರಡು ನಾಲ್ಕು ತಂದ್ಬಿಟ್ರಾ ಮೇಷ್ಟ್ರೇ? ಇವಳದು ಎರಡು ಆರಲ್ವಾ!" ಎಂದರು. ಬಳೆಯ ಲೆಕ್ಕದಲ್ಲಿ ಆರು ಅಂದರೆ ದಶಮಾಂಶವಲ್ಲ, ಇಂಚಿನ ಹದಿನಾರು ಪಾಲಿನಲ್ಲಿ ಆರು ಎಂದು ಆಗ ಹೊಳೆಯಿತು. ನಾಚಿಕೆಯಿಂದ ಕುಗ್ಗಿಹೋದೆ.

"ನಮ್ಮನೇದೇ ತೊಡಿಸೋಣ ಬಿಡಿ" ಎಂದರು ಪಾರ್ವತಮ್ಮ ಮೃದುವಾಗಿ. ರೇಖಾಳ ಕಣ್ಣು ತುಂಬಿತು. "ಅಮ್ಮ ಇದ್ದಿದ್ರೆ ತರ್ತಿದ್ಲು. ತವರಿನ ಬಳೆ ಇಲ್ದೆ ನಾನು ಕೂರಲ್ಲ ಮಾವ."

ತುಂಬು ಬಸುರಿಯ ಕೈ ಊದಿತ್ತು, ಎರಡು ಆರೂ ಸಾಲುವಂತಿರಲಿಲ್ಲ. ಹಳೇಬೀಡಿನ ಹೂವಿನಿಂದ ಒಂದಷ್ಟು ದಾರ ಬಿಡಿಸಿ, ಅವಳ ಮಡಚಿದ ಕೈಗೆ ಸುತ್ತಿ ಗಂಟು ಹಾಕಿದೆ. ಆ ದಾರದ ಉಂಗುರವನ್ನು ಕೈಯಿಂದ ಜಾರಿಸಿ ತೆಗೆದುಕೊಂಡು ದೇವಸ್ಥಾನದ ಬೀದಿಯ ಬಳೆ ಅಂಗಡಿಗೆ ಓಡಿದೆ. ಸ್ಕೇಲು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ದಾರವನ್ನು ಒಂದೊಂದೇ ಬಳೆಯೊಳಗೆ ಕೂರಿಸಿ ನೋಡಿದೆ. ಎರಡು ಎಂಟಕ್ಕೆ ಸರಿಯಾಗಿ ಕೂತಿತು.

ರಾಹುಕಾಲಕ್ಕೆ ಮೊದಲೇ ಮುತ್ತೈದೆಯರು ಎರಡೂ ಕೈ ತುಂಬ ಬಳೆ ತೊಡಿಸಿದರು. ಒಂದೂ ಒಡೆಯಲಿಲ್ಲ. ರೇಖಾ ನನ್ನ ಕಿವಿಯ ಹತ್ತಿರ ಕೈ ಅಲುಗಿಸಿ "ಕೇಳಿಸ್ತಾ ಮಾವ?" ಎಂದಳು. ತಲೆಯಾಡಿಸಿದೆ.

ಸಂಜೆ ಬಸ್ಸು ಹಳೇಬೀಡು ದಾಟುವಾಗ ಹೆಂಡತಿಯ ಫೋನ್ ಬಂತು.

"ರೀ, ಬಳೆ ಸರಿಹೋಯ್ತಾ? ಎಷ್ಟಾಗಿದೆ ಅವಳ ಕೈ?"

ಎರಡು ಎಂಟು ಎನ್ನಬಹುದಿತ್ತು. ಆರೂಕಾಲು ಸೆಂಟಿಮೀಟರಿಗೆ ಚೂರು ಹೆಚ್ಚು ಎಂದೂ ಹೇಳಬಹುದಿತ್ತು. ಜೇಬಿನಲ್ಲಿದ್ದ ದಾರ ಬೆರಳಿಗೆ ಸಿಕ್ಕಿತು.

"ಸುಮಿತ್ರಾ ಕೈಯಷ್ಟು ಕಣೇ" ಎಂದೆ.