ಮಾವನವರು ಹೋಗದ ಕಚೇರಿ

ಮೊನ್ನೆ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಮೊದಲ ಸೀಟಿ ಕೂಗಿದ್ದೇ ತಡ, ಹೊರಗೆ ಮೆಂತ್ಯ ಸೋಸುತ್ತಿದ್ದ ಅತ್ತೆ ತಲೆ ಎತ್ತಿ, "ಸ್ವರ ಏರ್‍ಯದಲ್ಲ" ಎಂದರು. ಅತ್ತೆಗೆ ಸಂಗೀತ ಬರುವುದಿಲ್ಲ. ಅದು ಮಾವನವರ ಮಾತು. ಅವರು ತೀರಿಕೊಂಡು ವರ್ಷವಾಯಿತು. ಕುಕ್ಕರಿಗೂ ಬಸ್ಸಿನ ಹಾರ್ನಿಗೂ ಒಂದೊಂದು ಸ್ವರ ಹಚ್ಚುವ ಅವರ ಚಾಳಿ ಮಾತ್ರ ನಮ್ಮ ಮನೆಯಲ್ಲಿ ಉಳಿದುಕೊಂಡಿದೆ.

ಮಾವನವರು ಧಾರವಾಡದಿಂದ ಪುಣೆಗೆ ಬಂದದ್ದು ಗುಮಾಸ್ತರಾಗಿ. ಹಗಲು ಆಫೀಸು, ಸಂಜೆ ಹಾರ್ಮೋನಿಯಂ, ಅವರ ಮಾತಿನಲ್ಲಿ ಪೇಟಿ. ದೊಡ್ಡ ಗಾಯಕರಿಗೆ ಸಾಥ್ ಕೊಡುವಷ್ಟು ಹೆಸರಿತ್ತು. ಆದರೆ ಪರವೂರಿಗೆ ಕರೆದರೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮಕ್ಕಳ ಡಬ್ಬಿ ತಾವೇ ಕಟ್ಟಬೇಕು, ಅದು ಅವರ ಹಟ. ನಾನು ಬೆಂಗಳೂರಿನಿಂದ ಸೊಸೆಯಾಗಿ ಬಂದ ದಿನ ಅವರು ಕೂರಲೆಂದು "ಕುಂದರವಾ" ಎಂದರೆ, ನನ್ನಲ್ಲಿ ಏನೋ ಕುಂದು ಕಂಡಿತೆಂದು ಗಾಬರಿಯಾಗಿ ನಿಂತೇ ಇದ್ದೆ. ಸಂಗೀತದಲ್ಲಂತೂ ಕೇಳಬೇಡಿ. ಒಮ್ಮೆ ತಬಲಾದ ಶ್ರುತಿ ಕೂಡಿಸುತ್ತಿದ್ದಾಗಲೇ "ತುಂಬಾ ಚೆನ್ನಾಗಿತ್ತು" ಎಂದುಬಿಟ್ಟಿದ್ದೆ. ಮಾವನವರು ನಗಲಿಲ್ಲ. "ಇನ್ನೂ ಛೊಲೊ ಆಗತದ, ತಡಿ" ಎಂದರು.

ನನ್ನ ಮಗಳು ಮುಕ್ತಾ ಹುಟ್ಟಿದ ದಿನ ಅವರಿಗೆ ದೊಡ್ಡ ಕಚೇರಿಯಿತ್ತು. ಬಹಳ ವರ್ಷಗಳ ನಂತರ ಪುಣೆಗೆ ಬಂದ ಹಿರಿಯ ಗಾಯಕರೊಬ್ಬರು ಇವರೇ ಸಾಥಿಗೆ ಬೇಕೆಂದಿದ್ದರು. ಅತ್ತೆ ತಂಗಿಯ ಮನೆಗೆಂದು ಶಿರೂರಿಗೆ ಹೋಗಿದ್ದರು. ನನ್ನ ಗಂಡ ಆಫೀಸಿನ ಕೆಲಸಕ್ಕೆ ಹೋಗಿ, ಮಳೆಗೆ ಲೋಕಲ್ ನಿಂತು, ಲೋಣಾವಳಾದಲ್ಲಿ ಸಿಕ್ಕಿಬಿದ್ದಿದ್ದ. ಮಧ್ಯಾಹ್ನ ಮೂರಕ್ಕೆ ಮಾವನವರು ಗಂಜಿ ಹಾಕಿದ ಬಿಳಿ ಜುಬ್ಬಾ ತೊಟ್ಟು ಸೋಫಾದಲ್ಲಿ ಕೂತಿದ್ದಾಗ, ಮೂರು ವಾರ ಮೊದಲೇ ನನಗೆ ನೋವು ಶುರುವಾಯಿತು.

"ನಿಮ್ಮ ಪ್ರೋಗ್ರಾಂ ಇದೆಯಲ್ಲ ಮಾವ" ಎಂದೆ.

"ಪ್ರೋಗ್ರಾಂ ಎಲ್ಲಿ ಓಡಿ ಹೋಗತದ? ನೀ ನಡಿ" ಎಂದು ಆಟೋ ತಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ನಾಲ್ಕು ತಾಸು ಹಾಡಿದರು. ನೋವಿನ ನಡುವೆಯೂ ನನಗೆ ಕೇಳುತ್ತಿತ್ತು. ನರ್ಸ್ ಬಂದು "ಆಜೋಬಾ, ಜರಾ ಹಳೂ", ಅಜ್ಜ ಸ್ವಲ್ಪ ಮೆಲ್ಲಗೆ, ಎಂದವಳು, ತಾನೇ ಸ್ವಲ್ಪ ಹೊತ್ತು ನಿಂತು ಕೇಳಿ ಹೋದಳಂತೆ. ಎಂಟು ಗಂಟೆಗೆ ಮುಕ್ತಾ ಬಂದಳು.

ಆಮೇಲೆ ಅವರು ಕಚೇರಿಯಲ್ಲಿ ನುಡಿಸಲೇ ಇಲ್ಲ. ಮನೆಗೆ ಬರುವ ಶಿಷ್ಯರಿಗೂ ಬಾಯಲ್ಲೇ ಹೇಳಿಕೊಡುತ್ತಿದ್ದರು. ಯಾರಾದರೂ ಕೇಳಿದರೆ, "ಮೊಮ್ಮಗಳು ಬಂದ್ಲು, ಪೇಟಿ ಮುಚ್ಚಿದ್ವಿ" ಎಂದು ನಗುತ್ತಿದ್ದರು. ಆ ನಗು ನನ್ನನ್ನು ಚುಚ್ಚುತ್ತಿತ್ತು. ಆ ಗಾಯಕರು ಮುನಿಸಿಕೊಂಡಿರಬೇಕು, ನನ್ನಿಂದಲೇ ಇವರಿಗೆ ಕರೆಗಳು ನಿಂತವು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಮುಕ್ತಾಳ ಪ್ರತಿ ಹುಟ್ಟುಹಬ್ಬಕ್ಕೂ ಅವರ ಕಾಲಿಗೆ ಬೀಳುವಾಗ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದೆ. ಮುಕ್ತಾಳಿಗೋ ಅದೇ ಹೆಮ್ಮೆ. ಹುಟ್ಟಿದ ದಿನವೇ ಅಜ್ಜನನ್ನು ದೊಡ್ಡ ಗಾಯಕರಿಂದ ಕಿತ್ತುಕೊಂಡೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದವಳು.

ಹೋದ ವಾರ ವರ್ಷಾಂತಿಕಕ್ಕೆ ದತ್ತು ಕಾಕಾ ಬಂದಿದ್ದರು. ಮಾವನವರ ಜೊತೆ ಮೂವತ್ತು ವರ್ಷ ತಬಲಾ ನುಡಿಸಿದವರು, ಸೊಲ್ಲಾಪುರದ ಕಡೆಯವರು. ಊಟವಾದ ಮೇಲೆ ನಾನು ಅಳುಕುತ್ತಲೇ, ಆ ದಿನ ನನ್ನಿಂದ ಅವರ ಕಚೇರಿ ತಪ್ಪಿತು ಎಂದೆ.

ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮ್ಮಿಂದ ಯಾಕ್ರಿ? ಅವತ್ತ ಮುಂಜಾನೆ ಏಳಕ್ಕ ನನಗ ಫೋನ್ ಮಾಡಿದ್ರಲ್ಲ. ಬಲಗೈಯಾಗಿನ ಎರಡು ಬೊಟ್ಟು ಮಾತು ಕೇಳವಲ್ಲವು, ಬ್ಯಾರೆ ಯಾರನ್ನರೆ ನೋಡು ದತ್ತು, ಅಂದ್ರು. ನಾನ ಬ್ಯಾರೆಯವರನ್ನ ಕರಕೊಂಡು ಹೋದೆ."

ಮುಂಜಾನೆ ಏಳಕ್ಕೆ ನನಗೆ ನೋವೇ ಇರಲಿಲ್ಲ. ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡಿದ್ದೆ.

ಕಾಕಾ ಹೋದಮೇಲೆ ಅತ್ತೆಯನ್ನು ಕೇಳಿದೆ, "ನಿಮಗೆ ಗೊತ್ತಿತ್ತಾ?"

"ಬೊಟ್ಟಿಂದು ಗೊತ್ತಿತ್ತು. ಅದಕ್ಕೂ ಎರಡು ತಿಂಗಳ ಮೊದಲಿಂದ ಜುಬ್ಬಾದ ಗುಂಡಿ ನಾನ ಹಾಕತಿದ್ದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಅತ್ತೆ ಎಲೆ ಮಡಚುತ್ತ ಹೇಳಿದರು: "ಕೈ ಹೋತು ಅನ್ನೂದಕ್ಕಿಂತ ಮೊಮ್ಮಗಳು ಬಂದ್ಲು ಅನ್ನೂದು ಅವರಿಗೆ ಹಗುರ ಆಗತಿತ್ತು. ನಾ ಯಾಕ ಕಸಗೊಳ್ಳಲಿ? ಅದು ನಿನಗ ಭಾರ ಆಗೇದ ಅಂತ ನನಗ ತಿಳೀಲಿಲ್ಲ ನೋಡವಾ."

ಬಾಗಿಲಲ್ಲಿ ಮುಕ್ತಾ ನಿಂತಿದ್ದಳು. "ಅಂದ್ರ ಅಜ್ಜ ಸುಳ್ಳು ಹೇಳಿದ್ರೇನು?"

"ಗೊತ್ತಿಲ್ಲ ಕಣೇ" ಎಂದೆ.

ನಿಜಕ್ಕೂ ಗೊತ್ತಿಲ್ಲ. ನೀವೇ ಹೇಳಿ, ಇಷ್ಟು ವರ್ಷದ ಹೊರೆ ಇಳಿದರೆ ಹಾಯೆನಿಸಬೇಕಲ್ಲವೆ? ನನಗೆ ಒಮ್ಮೆ ಮೋಸ ಹೋದಂತೆ ಅನಿಸುತ್ತದೆ, ಒಮ್ಮೆ ಅವರನ್ನು ಹಿಡಿದು ಅಳಬೇಕೆನಿಸುತ್ತದೆ. ಹೋಗುವುದಿಲ್ಲವೆಂದು ಬೆಳಿಗ್ಗೆಯೇ ಹೇಳಿದವರು ಮೂರು ಗಂಟೆಗೆ ಆ ಜುಬ್ಬಾ ಯಾಕೆ ತೊಟ್ಟಿದ್ದರು? ಅವತ್ತು ಅತ್ತೆಯೂ ಇರಲಿಲ್ಲ. ಗುಂಡಿಗಳನ್ನು ಒಬ್ಬರೇ ಎಷ್ಟು ಹೊತ್ತು ಹಾಕಿಕೊಂಡಿರಬೇಕು? ಬೆರಳುಗಳು ಸಂಜೆಯೊಳಗೆ ಮಾತು ಕೇಳಿಯಾವೆಂದು ಕಾಯುತ್ತಿದ್ದರೆ?

ಇವತ್ತು ಆಟೋದಲ್ಲಿ ಮನೆಗೆ ಬರುವಾಗ ಒಂದು ನೆನಪಾಯಿತು. ಆ ದಿನ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ಮಾವನವರು ನನ್ನ ಕೈ ಹಿಡಿದುಕೊಂಡಿದ್ದರು. ಕೂಡಿದ ಆ ಎರಡು ಕೈಗಳಲ್ಲಿ ಒಂದು ನಡುಗುತ್ತಿತ್ತು. ಅದು ನನ್ನದೆಂದೇ ನಾನು ತಿಳಿದಿದ್ದೆ.